ಹವಾಯಿಯಲ್ಲಿ ದ್ರಾಕ್ಷಿಗೆ ಜಾಗ ಹುಡುಕುವ ನಕ್ಷೆ

ಯುರೋಪಿನ ತಂಪು ಸೀಮೆಗಳಲ್ಲಿ ವೈನ್ ದ್ರಾಕ್ಷಿಗೆ ಜಾಗ ನೋಡುವವರು ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರನ್ನು ಅರಸುತ್ತಾರೆ. ಅಲ್ಲಿ ಬಿಸಿಲಿಗೇ ಬರ. ಅದೇ ಲೆಕ್ಕಾಚಾರ ಹಿಡಿದು ಹವಾಯಿಯ ದೊಡ್ಡ ದ್ವೀಪಕ್ಕೆ ಹೋದರೆ ಕೆಲಸ ಕೆಡುತ್ತದೆ. ವರ್ಷಕ್ಕೆ ಎರಡು ಸಲ ಸೂರ್ಯ ನೆತ್ತಿಯ ಮೇಲೆ ಬಂದು ನಿಲ್ಲುವ ಆ ದ್ವೀಪದಲ್ಲಿ ಹುಡುಕಬೇಕಾದದ್ದು ತಂಪು ಮತ್ತು ಒಣಹವೆ.

ಈ ಹುಡುಕಾಟಕ್ಕೆ ಬಳಸುವ ಜಿಐಎಸ್ (ಭೌಗೋಳಿಕ ಮಾಹಿತಿ ವ್ಯವಸ್ಥೆ) ಎಂಬ ನಕ್ಷೆ ತಂತ್ರಾಂಶ ದ್ವೀಪವನ್ನು ಸಣ್ಣ ಚೌಕಗಳಾಗಿ ಕತ್ತರಿಸಿ, ಎತ್ತರ, ಮಳೆ, ಮಣ್ಣು, ಇಳಿಜಾರುಗಳ ಪದರಗಳನ್ನು ಒಂದರ ಮೇಲೊಂದು ಜೋಡಿಸುತ್ತದೆ. ಎತ್ತರದ ಪದರ ಸುಲಭವಾಗಿ ಸಿಗುತ್ತದೆ: 2000ನೇ ಇಸವಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ಅಳೆದ 30 ಮೀಟರ್ ಚೌಕಗಳ ಮಾಹಿತಿ ಉಚಿತವಾಗಿಯೇ ಲಭ್ಯ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ ಎಂಬ ಸ್ಥೂಲ ನಿಯಮ ಬಳಸಿದರೆ ಎತ್ತರವೇ ಉಷ್ಣಾಂಶದ ನಕ್ಷೆಯಾಗುತ್ತದೆ.

ಕ್ಯಾಲಿಫೋರ್ನಿಯಾದ ದ್ರಾಕ್ಷಿ ವಿಜ್ಞಾನಿಗಳಾದ ಅಮೆರಿನ್ ಮತ್ತು ವಿಂಕ್ಲರ್ 1944ರಲ್ಲಿ ಪ್ರಕಟಿಸಿದ ಲೆಕ್ಕವನ್ನು ಇದಕ್ಕೆ ಹಚ್ಚಿ ನೋಡೋಣ. ಪ್ರತಿದಿನದ ಸರಾಸರಿ ಉಷ್ಣಾಂಶ 10 ಡಿಗ್ರಿಗಿಂತ ಎಷ್ಟು ಹೆಚ್ಚಿದೆಯೋ ಅದನ್ನು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಕೂಡುತ್ತಾ ಹೋಗುವುದು. ಕಡಲ ಮಟ್ಟದಲ್ಲಿ ಸರಾಸರಿ 24 ಡಿಗ್ರಿ ಎಂದಿಟ್ಟುಕೊಂಡರೆ ಮೊತ್ತ ಮೂರು ಸಾವಿರದ ಹತ್ತಿರ ಬರುತ್ತದೆ. ಅವರ ಐದು ವಲಯಗಳಲ್ಲಿ ಅತ್ಯಂತ ಬಿಸಿಯಾದ ಐದನೆಯದು ಶುರುವಾಗುವ ಮಿತಿಯನ್ನು ಬಹಳವೇ ದಾಟಿದ ಸೆಕೆ. 600 ಮೀಟರ್ ಎತ್ತರದಲ್ಲಿ ಅದೇ ಮೊತ್ತ ಸುಮಾರು 2,160. ಅದು ನಾಲ್ಕನೇ ವಲಯ. 1,200 ಮೀಟರ್‌ನಲ್ಲಿ ಮೊದಲನೆಯದೇ, ಅಂದರೆ ಅತಿ ತಂಪಿನದು. ಇಂತಹ ನಕ್ಷೆಗಳು ಎಲ್ಲರ ಕೈಗೆ ಸಿಗುವ ಮೊದಲೇ, 1970ರ ದಶಕದಲ್ಲಿ, ನೆರೆಯ ಮಾವಿ ದ್ವೀಪದ ಉಲುಪಲಕುವಾದಲ್ಲಿ ದ್ರಾಕ್ಷಿ ನೆಟ್ಟವರು ಆರಿಸಿಕೊಂಡ ಎತ್ತರವೂ ಹೆಚ್ಚುಕಡಿಮೆ 600 ಮೀಟರ್.

ಆದರೆ ಏಪ್ರಿಲ್‌ನಿಂದ ಅಕ್ಟೋಬರ್ ಎಂಬ ಅವಧಿಗೆ ಇಲ್ಲಿ ಅರ್ಥವೇ ಇಲ್ಲ. ಚಳಿಗಾಲವಿಲ್ಲದ ಕಡೆ ಬಳ್ಳಿ ನಿದ್ದೆ ಹೋಗುವುದಿಲ್ಲ. ಚಾಟನಿ ಮಾಡಿದ, ಅಂದರೆ ಕೊಂಬೆ ಕತ್ತರಿಸಿದ ದಿನವೇ ಅದರ ಹೊಸ ಋತು. ಹಾಗಾಗಿ ಎಲ್ಲಿ ಎಂಬುದರ ಜೊತೆಗೆ ಯಾವ ತಿಂಗಳಲ್ಲಿ ಎಂಬುದನ್ನೂ ನಕ್ಷೆಯಿಂದಲೇ ಹೊರಡಿಸಬೇಕು. ಇಲ್ಲಿ ಮಳೆಯ ಪದರ ಮುಖ್ಯವಾಗುತ್ತದೆ. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತಗಳಿಗೆ ಎದೆಯೊಡ್ಡಿದ ಹಿಲೊ ಪಟ್ಟಣದಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ, ನೂರು ಕಿ.ಮೀ.ಗಿಂತ ಕಡಿಮೆ ದೂರದಲ್ಲಿ, ಬೆಟ್ಟಗಳ ಮರೆಯಲ್ಲಿರುವ ಕವಾಯ್‌ಹಾಯ್‌ನಲ್ಲಿ ಸುಮಾರು 250 ಮಿ.ಮೀ. ಇಳಿಜಾರು ಸೂರ್ಯನ ಕಡೆಗಿದೆಯೇ ಎನ್ನುವುದಕ್ಕಿಂತ ಗಾಳಿಯ ಕಡೆಗಿದೆಯೇ ಎನ್ನುವುದು ಇಲ್ಲಿ ಹೆಚ್ಚು ತೂಕದ ಪ್ರಶ್ನೆ.

ವಾರ್ಷಿಕ ಮಳೆಯ ಅಂಕಿಯೊಂದನ್ನೇ ನಂಬಿದರೂ ಮೋಸ ಹೋಗುತ್ತೇವೆ. ಪಶ್ಚಿಮದ ಕೋನಾ ಇಳಿಜಾರುಗಳಲ್ಲಿ, ಗಾಳಿ ಮರೆಯ ಉಳಿದ ಭಾಗಗಳಿಗೆ ವಿರುದ್ಧವಾಗಿ, ಬೇಸಿಗೆಯಲ್ಲೇ ಮಳೆ ಜಾಸ್ತಿ. ಹಣ್ಣು ಮಾಗುವ ವಾರಗಳಲ್ಲಿ ದಿನವೂ ಮಧ್ಯಾಹ್ನ ಎಲೆ ನೆನೆದರೆ ಬೂಜು ರೋಗಕ್ಕೆ ಆಹ್ವಾನ ಕೊಟ್ಟಂತೆಯೇ. ತಿಂಗಳುವಾರು ನಕ್ಷೆಗಳನ್ನು ಕೂರಿಸದ ವಿಶ್ಲೇಷಣೆಯನ್ನು ನಾನಂತೂ ಗಂಭೀರವಾಗಿ ಓದುವುದಿಲ್ಲ.

ಕೆಲವು ಜಾಗಗಳನ್ನು ಚರ್ಚೆಯೇ ಇಲ್ಲದೆ ಅಳಿಸಬಹುದು: ಸಂರಕ್ಷಿತ ಅರಣ್ಯ, ಮಣ್ಣೇ ಹುಟ್ಟದ ಹೊಸ ಲಾವಾ ಹಾಸು. ಅಮೆರಿಕದ ಭೂವಿಜ್ಞಾನ ಸಮೀಕ್ಷೆ ಈ ದ್ವೀಪವನ್ನು ಲಾವಾ ಅಪಾಯದ ಒಂಬತ್ತು ವಲಯಗಳಾಗಿ ವಿಂಗಡಿಸಿದೆ. ಒಂದನೆಯದು ಅತ್ಯಂತ ಅಪಾಯಕಾರಿ. ಉಳಿದ ಅಂಶಗಳಿಗೆ ತೂಕ ಹಂಚಬೇಕು. ಮಳೆಗೆ ನೂರಕ್ಕೆ ನಲವತ್ತು, ಉಷ್ಣಾಂಶಕ್ಕೆ ಮೂವತ್ತು ಎಂದು ಯಾರೋ ನಿರ್ಧರಿಸುತ್ತಾರೆ. ಬಣ್ಣದ ನಕ್ಷೆ ನೋಡುವವರಿಗೆ ಆ ಯಾರೋ ಕಾಣುವುದೇ ಇಲ್ಲ. ತೂಕಗಳನ್ನು ಸ್ವಲ್ಪ ಆಚೀಚೆ ಮಾಡಿದರೂ ಸೂಕ್ತ ಜಾಗವೆಂದು ಹಸಿರಾಗಿಯೇ ಉಳಿಯುವ ಚೌಕಗಳನ್ನು ಮಾತ್ರ ನಂಬಬೇಕು.

ಚೌಕಗಳ ಅಳತೆಯಲ್ಲೂ ಒಂದು ತೊಡಕಿದೆ. ಹವಾಯಿಯ ಮಳೆ ನಕ್ಷೆಯ ಚೌಕ ಸುಮಾರು 250 ಮೀಟರ್‌ನದು, ಎಂದರೆ ಹದಿನೈದು ಎಕರೆಗೆ ಒಂದೇ ಅಂಕಿ. ಅದರೊಳಗೆ ಎತ್ತರದ ಪದರದ ಸುಮಾರು ಎಪ್ಪತ್ತು ಚೌಕಗಳು ಹಿಡಿಸುತ್ತವೆ. ಎರಡನ್ನೂ ಬೆರೆಸಿದ ನಕ್ಷೆ ಎಷ್ಟೇ ನಯವಾಗಿ ಕಂಡರೂ ಒಂದು ಎಕರೆಯ ಮಳೆಯನ್ನು ಹೇಳಲಾರದು. ಆಯ್ದ ಜಾಗದಲ್ಲಿ ಮಳೆಮಾಪಕ ನೆಡಬೇಕು, ಗುಂಡಿ ತೋಡಿ ಮಣ್ಣಿನ ಆಳ ನೋಡಬೇಕು.

ಕಿಲವೇಯ ಜ್ವಾಲಾಮುಖಿಯ ಹತ್ತಿರ, ಸುಮಾರು 1,200 ಮೀಟರ್ ಎತ್ತರದಲ್ಲಿ, ಮಳೆ ಧಾರಾಳವಾಗಿರುವ ಸೀಮೆಯಲ್ಲೂ ಒಂದು ದ್ರಾಕ್ಷಿ ತೋಟವಿದೆ. ಮಳೆಗೆ ಭಾರೀ ತೂಕ ಕೊಟ್ಟ ನಕ್ಷೆ ಅದನ್ನು ತಿರಸ್ಕರಿಸುತ್ತದೆ. ಮಳೆಯನ್ನೂ ಬೂಜನ್ನೂ ತಾಳುವ ತಳಿಗೆ ಬೇರೆ ಮಿತಿಗಳನ್ನು ಕೊಟ್ಟು ಅದೇ ಲೆಕ್ಕವನ್ನು ಮತ್ತೆ ಓಡಿಸಿದರೆ ಹಸಿರು ಬೇರೆ ಕಡೆ ಮೂಡುತ್ತದೆ. ಆದ್ದರಿಂದ ತಳಿಗೊಂದು ನಕ್ಷೆ ಬೇಕು.