ಎರಡು ಹಾರ್ಡ್ ಡಿಸ್ಕ್ ಸೇರಿಸಿ ಒಂದು ಮಾಡಿದರೆ ಒಳಗಿರುವ ಫೈಲುಗಳ ಗತಿ ಏನು?

ಪ್ರಶ್ನೆ: ನನ್ನ ಹತ್ತಿರ 4 ಟಿಬಿಯ ಎರಡು ಹಾರ್ಡ್ ಡಿಸ್ಕ್ ಇವೆ. ಎರಡರಲ್ಲೂ ಫೈಲುಗಳಿವೆ. ಏನೂ ಅಳಿಸದೆ ಎರಡನ್ನೂ ಒಂದೇ ಡ್ರೈವ್ ಮಾಡಬಹುದಾ?

ಉತ್ತರ: ನಿಜವಾಗಿ ಒಂದು ಮಾಡಬೇಕು ಅಂದರೆ, ಅಳಿಸದೆ ಆಗುವುದು ಕಷ್ಟ. ಒಂದರಂತೆ ಕಂಡರೆ ಸಾಕು ಅಂದರೆ ಆಗುತ್ತದೆ.

ವಿಂಡೋಸ್‌ನ ಸ್ಟೋರೇಜ್ ಸ್ಪೇಸಸ್ ಆಗಲಿ, ಮ್ಯಾಕ್‌ನ ಡಿಸ್ಕ್ ಯುಟಿಲಿಟಿ ಆಗಲಿ, ಡಿಸ್ಕ್‌ಗಳನ್ನು ಜೋಡಿಸುವ ಮೊದಲು ಅದರಲ್ಲಿರುವುದನ್ನೆಲ್ಲ ಒರೆಸಿಬಿಡುತ್ತವೆ. ಎಚ್ಚರಿಕೆ ತೋರಿಸುತ್ತವೆ ನಿಜ, ಆದರೆ ಅದನ್ನು ಓದದೆ ಓಕೆ ಒತ್ತುವವರೇ ಜಾಸ್ತಿ. ಹಾಗಾಗಿ ಈ ದಾರಿ ಹಿಡಿಯುವುದಾದರೆ ಮೂರನೇ ಡಿಸ್ಕಿಗೆ ಎಲ್ಲವನ್ನೂ ಕಾಪಿ ಮಾಡಿಕೊಳ್ಳಿ. ಕಾಪಿಯಾದ ಫೈಲುಗಳಲ್ಲಿ ಕೆಲವನ್ನು ತೆರೆದು ನೋಡಿ. ಆಮೇಲೆ ಜೋಡಿಸಿ, ಫೈಲುಗಳನ್ನು ವಾಪಸ್ ಹಾಕಿ.

ಇಷ್ಟೆಲ್ಲ ಮಾಡಿದ ಮೇಲೂ ಇನ್ನೊಂದು ಅಪಾಯ ಉಳಿಯುತ್ತದೆ. ಹೀಗೆ ಜೋಡಿಸುವ ವಿಧಾನಗಳಲ್ಲಿ ಒಂದಾದ ರೇಡ್ 0 ಒಂದೇ ಫೈಲನ್ನು ತುಂಡು ಮಾಡಿ ಎರಡೂ ಡಿಸ್ಕಿಗೆ ಹಂಚುತ್ತದೆ. 8 ಟಿಬಿ ಸಿಗುತ್ತದೆ, ವೇಗವೂ ಹೆಚ್ಚುತ್ತದೆ. ಆದರೆ ಒಂದು ಡಿಸ್ಕ್ ಸತ್ತರೆ ಇನ್ನೊಂದರಲ್ಲಿ ಉಳಿಯುವುದು ಬರೀ ಅರ್ಧಂಬರ್ಧ ತುಂಡುಗಳು. ಸುಮ್ನೆ ಲೆಕ್ಕಕ್ಕೆ, ಒಂದೊಂದು ಡಿಸ್ಕ್ ಕೆಡುವ ಸಾಧ್ಯತೆ 10% ಅಂದುಕೊಳ್ಳಿ. ಎರಡರಲ್ಲಿ ಯಾವುದಾದರೂ ಒಂದು ಕೆಡುವ ಸಾಧ್ಯತೆ 19% ಆಗುತ್ತದೆ. ಮನೆಯ ಫೋಟೋಗಳನ್ನು ಇದರಲ್ಲಿ ಇಡಲು ನಾನಂತೂ ಹೇಳುವುದಿಲ್ಲ.

ಒರೆಸದೇ ಮಾಡುವ ಸುಲಭದ ದಾರಿ ವಿಂಡೋಸ್‌ನಲ್ಲೇ ಇದೆ. ಮೊದಲ ಡಿಸ್ಕ್ ಎನ್‌ಟಿಎಫ್‌ಎಸ್ (ವಿಂಡೋಸ್ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಒಂದು ಮಾದರಿ) ಆಗಿರಬೇಕು. ಅದರಲ್ಲಿ ಒಂದು ಖಾಲಿ ಫೋಲ್ಡರ್ ಮಾಡಿ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಎರಡನೇ ಡಿಸ್ಕಿನ ಮೇಲೆ ರೈಟ್ ಕ್ಲಿಕ್ ಮಾಡಿ, ಡ್ರೈವ್ ಲೆಟರ್ ಮತ್ತು ಪಾತ್ ಬದಲಿಸುವ ಆಯ್ಕೆಯಲ್ಲಿ ಆ ಫೋಲ್ಡರನ್ನು ತೋರಿಸಿ. ಇನ್ನು ಎರಡನೇ ಡಿಸ್ಕ್ ಆ ಫೋಲ್ಡರಿನೊಳಗೇ ಕಾಣುತ್ತದೆ. ಫೈಲುಗಳು ಇದ್ದಲ್ಲೇ ಇರುತ್ತವೆ. ಖಾಲಿ ಜಾಗ ಮಾತ್ರ ಒಟ್ಟಾಗುವುದಿಲ್ಲ.

ಅದೂ ಒಟ್ಟಾಗಿ ಕಾಣಬೇಕು ಅಂದರೆ ಲಿನಕ್ಸ್‌ನಲ್ಲಿ ಮರ್ಜರ್‌ಎಫ್‌ಎಸ್, ವಿಂಡೋಸ್‌ಗೆ ಡ್ರೈವ್‌ಪೂಲ್ ಎಂಬ ಸಾಫ್ಟ್‌ವೇರ್ ಇವೆ. ಇವು ಫೈಲನ್ನು ತುಂಡು ಮಾಡದೆ ಯಾವುದೋ ಒಂದು ಡಿಸ್ಕಿನಲ್ಲಿ ಇಡಿಯಾಗಿಯೇ ಇಡುತ್ತವೆ. ಒಂದು ಕೆಟ್ಟರೆ ಅದರ ಫೈಲುಗಳಷ್ಟೇ ಹೋಗುತ್ತವೆ. ನಿಮ್ಮ ಪ್ರಶ್ನೆಗೆ ಸರಿಹೊಂದುವುದು ಇದೇ ಅನ್ನಿಸುತ್ತದೆ.

ಹಾಗಾದರೆ ಮಿರರ್ ಮಾಡಿದರೆ, ಅಂದರೆ ಎರಡೂ ಡಿಸ್ಕಿನಲ್ಲಿ ಒಂದೇ ಫೈಲುಗಳ ಪ್ರತಿ ಇರುವಂತೆ ಜೋಡಿಸಿದರೆ, ಬ್ಯಾಕಪ್ ಬೇಡ ಅಲ್ವಾ ಅಂತ ಕೇಳುವವರಿದ್ದಾರೆ. ಬೇಕು. ಮಿರರ್‌ನಲ್ಲಿ 4 ಟಿಬಿ ಮಾತ್ರ ಸಿಗುತ್ತದೆ, ಒಂದು ಡಿಸ್ಕ್ ಕೆಟ್ಟರೂ ಕೆಲಸ ನಡೆಯುತ್ತದೆ. ಆದರೆ ನೀವು ತಪ್ಪಿ ಅಳಿಸಿದ ಫೈಲು ಎರಡರಿಂದಲೂ ಒಟ್ಟಿಗೇ ಮಾಯವಾಗುತ್ತದೆ.

ಇನ್ನೊಂದು ಮಾತು. ಹಳೆಯ ಡಿಸ್ಕನ್ನು ಸೇರಿಸುವ ಮೊದಲು ಅದರ ಸ್ಮಾರ್ಟ್ ವರದಿ (ಡಿಸ್ಕ್ ತನ್ನ ಸ್ಥಿತಿಯ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ) ನೋಡಿ. ರೀಅಲೊಕೇಟೆಡ್ ಸೆಕ್ಟರ್‌ಗಳ, ಅಂದರೆ ಕೆಟ್ಟುಹೋಗಿ ಬದಲಿ ಜಾಗ ಕೊಡಲಾದ ಭಾಗಗಳ, ಸಂಖ್ಯೆ ಏರುತ್ತಾ ಇದ್ದರೆ ಆ ಡಿಸ್ಕನ್ನು ಸೇರಿಸಬೇಡಿ, ಅದರಲ್ಲಿರುವುದನ್ನು ಬೇಗ ಹೊರಗೆ ತೆಗೆಯಿರಿ.