ಬ್ಲ್ಯಾಕ್ ಬೆಲ್ಟ್ ಬಂತು, ಇನ್ನು ಕ್ಲಾಸ್ ಶುರು ಮಾಡಬಹುದಾ?

ಪ್ರಶ್ನೆ: ಸರ್, ಹೋದ ತಿಂಗಳು ನನಗೆ ಕರಾಟೆಯಲ್ಲಿ ಬ್ಲ್ಯಾಕ್ ಬೆಲ್ಟ್ ಬಂತು. ಈಗ ನನ್ನದೇ ಕ್ಲಾಸ್ ಶುರು ಮಾಡಬಹುದಾ? ಮಾಸ್ಟರ್ ಆಗೋಕೆ ಇನ್ನೇನು ಬೇಕು?

ಉತ್ತರ: ಮೊದಲು ಅಭಿನಂದನೆ. ವರ್ಷಗಟ್ಟಲೆ ಬೆವರು ಸುರಿಸದೆ ಆ ಬೆಲ್ಟ್ ಸೊಂಟಕ್ಕೆ ಬರುವುದಿಲ್ಲ, ನನಗೆ ಗೊತ್ತು. ಆದರೂ ನನ್ನ ಉತ್ತರ, ಈಗಲೇ ಬೇಡ.

ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕೇಳುವವರು ಬೇರೆ ಬೇರೆ, ಪ್ರಶ್ನೆಯ ಹಿಂದಿನ ನಂಬಿಕೆ ಮಾತ್ರ ಒಂದೇ. ಕಪ್ಪು ಬೆಲ್ಟ್ ಅಂದರೆ ಕಲಿಯೋದು ಮುಗೀತು, ಇನ್ನು ಕಲಿಸೋದೊಂದೇ ಬಾಕಿ! ಈ ನಂಬಿಕೆಯನ್ನು ಇವತ್ತು ಬುಡಸಮೇತ ಕೀಳೋಣ.

ನಿಮ್ಮ ಸರ್ಟಿಫಿಕೇಟ್ ತೆಗೆದು ನೋಡಿ. 'ಶೋದಾನ್' ಅಂತ ಇರುತ್ತದೆ ಅಲ್ವಾ? ಜಪಾನಿ ಭಾಷೆಯಲ್ಲಿ 'ದಾನ್' ಅಂದರೆ ಮೆಟ್ಟಿಲು, ಹಂತ. ಎರಡನೇ ಹಂತಕ್ಕೆ 'ನಿದಾನ್', ಮೂರನೇದಕ್ಕೆ 'ಸಾನ್‌ದಾನ್' ಅಂತಾರೆ. ಅಲ್ಲಿರುವ 'ನಿ', 'ಸಾನ್' ಬರೀ ಸಂಖ್ಯೆಗಳು, ಎರಡು ಮತ್ತು ಮೂರು. ಹಾಗಾದರೆ ಮೊದಲನೇದು 'ಇಚಿದಾನ್' ಆಗಬೇಕಿತ್ತು, ಯಾಕಂದರೆ ಒಂದಕ್ಕೆ ಜಪಾನಿಯಲ್ಲಿ 'ಇಚಿ' ಅಂತಾರೆ. ಆದರೆ ಅಲ್ಲಿ 'ಶೋ' ಇದೆ. 'ಶೋ' ಅಂದರೆ ಆರಂಭ. ಏನೂ ಗೊತ್ತಿಲ್ಲದ ಹೊಸಬರಿಗೆ ಜಪಾನಿಯಲ್ಲಿ 'ಶೋಶಿನ್‌ಶಾ' ಅನ್ನುತ್ತಾರೆ. ಅದೇ 'ಶೋ' ನಿಮ್ಮ ಸರ್ಟಿಫಿಕೇಟ್‌ನಲ್ಲೂ ಇರೋದು. ಕಲಿಯೋಕೆ ಈಗ ತಯಾರಾಗಿದ್ದೀರಿ ಅಂತ ಅದರ ಮೇಲೇ ಬರೆದುಕೊಟ್ಟಿದ್ದಾರೆ.

ಈ ಪದ್ಧತಿ ಎಲ್ಲಿಂದ ಬಂತು ಅಂತ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಜಿಗೊರೊ ಕಾನೊ 1882ರಲ್ಲಿ ಕೊಡೊಕಾನ್ ಅನ್ನುವ ಶಾಲೆ ಕಟ್ಟಿ ಜೂಡೋ ಕಲಿಸೋಕೆ ಶುರು ಮಾಡಿದರು. 'ಗೋ' ಅನ್ನುವ ಮಣೆಯಾಟದಲ್ಲಿ ಆಟಗಾರರ ಮಟ್ಟ ಹೇಳಲು ದಾನ್ ಲೆಕ್ಕ ಆಗಲೇ ಇತ್ತು. ಅದನ್ನೇ ಜೂಡೋಗೆ ತಂದು, 1883ರಲ್ಲಿ ಇಬ್ಬರು ಶಿಷ್ಯರಿಗೆ ಮೊದಲ ದಾನ್ ಕೊಟ್ಟರು. ಕಪ್ಪು ಬೆಲ್ಟ್ ಬಳಕೆಗೆ ಬಂದಿದ್ದು ಅದಾದ ಮೇಲೆ. ಯಾರು ಎಲ್ಲಿ ನಿಲ್ಲಬೇಕು ಅಂತ ನೋಡಿದ ಕೂಡಲೇ ತಿಳಿಯಲಿ ಅಂತ ಇಟ್ಟ ಗುರುತು ಅದು. ಬಿಳಿ ಬೆಲ್ಟ್ ತೊಳೆಯದೆ ತೊಳೆಯದೆ ಕಪ್ಪಾಯಿತು ಅನ್ನೋದು ಸುಮ್ನೆ ಕಟ್ಟಿದ ಕತೆ. ಕರಾಟೆಗೆ ಈ ಪದ್ಧತಿ ಬಂದಿದ್ದು ಇನ್ನೂ ತಡವಾಗಿ. ಕರಾಟೆಯನ್ನು ಜಪಾನಿನಲ್ಲಿ ಹರಡಿದ ಗಿಚಿನ್ ಫುನಾಕೋಶಿ ತಮ್ಮ ಮೊದಲ ದಾನ್‌ಗಳನ್ನು ಕೊಟ್ಟಿದ್ದು 1924ರಲ್ಲಿ.

ಮಟ್ಟ ಬೇರೆ, ಕಲಿಸುವ ಅರ್ಹತೆ ಬೇರೆ. ಇದು ನನ್ನ ಸ್ವಂತ ಅಭಿಪ್ರಾಯವೇನೂ ಅಲ್ಲ. ಕೆಂಡೋದಲ್ಲಿ, ಅಂದರೆ ಜಪಾನಿ ಕತ್ತಿವರಸೆಯಲ್ಲಿ, ಮಟ್ಟ ತೋರಿಸುವ ಬೆಲ್ಟೇ ಇಲ್ಲ. ದಾನ್ ಜೊತೆಗೆ, ಕಲಿಸುವ ಸಾಮರ್ಥ್ಯವನ್ನೂ ನೋಡಿ ಕೊಡುವ ರೆನ್ಶಿ, ಕ್ಯೋಶಿ, ಹಾನ್ಶಿ ಅಂತ ಬೇರೆಯೇ ಪದವಿಗಳಿವೆ, ಅದರಲ್ಲಿ ಮೊದಲನೆಯ ರೆನ್ಶಿಗೇ ಆರನೇ ದಾನ್ ಆಗಿರಬೇಕು. ಕೊರಿಯಾದ ಟೇಕ್ವಾಂಡೋದ ಕೇಂದ್ರ ಸಂಸ್ಥೆ ಕುಕ್ಕಿವಾನ್ ಕೂಡ ತನ್ನ ಮಾಸ್ಟರ್ ತರಬೇತಿಗೆ ನಾಲ್ಕನೇ ದಾನ್ ಕೇಳುತ್ತದೆ. ದಾನ್ ಬಂದವರೆಲ್ಲ ತಾನಾಗಿಯೇ ಕಲಿಸಬಲ್ಲರು ಅನ್ನೋದಾದರೆ ಇದೆಲ್ಲ ಯಾಕೆ ಬೇಕಿತ್ತು ಹೇಳಿ?

ಸರಿ, ಹಾಗಾದರೆ ಏನು ಬೇಕು? ನಾನು ಸಹಾಯಕನಾಗಿ ಮಕ್ಕಳ ಎದುರು ನಿಂತ ಮೊದಲ ದಿನದ ಮಾತು ಹೇಳುತ್ತೇನೆ. 'ಬಲಗಾಲು ಮುಂದೆ' ಅಂದು ನನ್ನ ಬಲಗಾಲನ್ನು ಮುಂದಿಟ್ಟೆ. ಅರ್ಧ ಮಕ್ಕಳು ಎಡಗಾಲು ಮುಂದಿಟ್ಟರು. ಮತ್ತೆ ಹೇಳಿದೆ, ಜೋರಾಗಿ. ಮತ್ತೆ ಅದೇ. ಮಕ್ಕಳದ್ದು ತಪ್ಪಿರಲಿಲ್ಲ. ಅವರು ಕನ್ನಡಿಯಲ್ಲಿ ನೋಡುವ ಹಾಗೆ ನನ್ನನ್ನು ನೋಡುತ್ತಿದ್ದರು. ನನ್ನ ಗುರುಗಳು ಒಂದು ಮಾತೂ ಆಡದೆ ಬಂದರು, ಎರಡೂ ಭುಜ ಹಿಡಿದು ನನ್ನನ್ನು ತಿರುಗಿಸಿ ನಿಲ್ಲಿಸಿದರು. ಈಗ ಮಕ್ಕಳಿಗೆ ನನ್ನ ಬೆನ್ನು ಕಾಣುತ್ತಿತ್ತು. ಮುಂದಿನ ಸಲ ಎಲ್ಲರೂ ಬಲಗಾಲನ್ನೇ ಇಟ್ಟರು. ಎದುರು ನಿಂತೇ ಕಲಿಸುವುದಾದರೆ ಬಾಯಲ್ಲಿ ಬಲ ಅಂದಾಗ ಮೈ ಎಡಕ್ಕೆ ಹೋಗಬೇಕು. ಇದು ಸಲೀಸಾಗಿ ಬರೋಕೆ ನನಗೆ ತಿಂಗಳುಗಳೇ ಹಿಡಿದವು. ನನ್ನ ಬೆಲ್ಟ್ ಪರೀಕ್ಷೆಯಲ್ಲಿ ಇದನ್ನು ಯಾರೂ ಕೇಳಿರಲಿಲ್ಲ.

ಇನ್ನೊಂದು, ಬೀಳೋದನ್ನು ಕಲಿಸುವುದು. ಹಿಂದಕ್ಕೆ ಬೀಳುವಾಗ ಹೊಸಬರು ಕೈಯನ್ನು ಹಿಂದೆ ಊರುತ್ತಾರೆ, ತಲೆಯನ್ನು ಸಡಿಲ ಬಿಡುತ್ತಾರೆ. ಊರಿದ ಕೈಯ ಮಣಿಕಟ್ಟು ಮುರಿಯಬಹುದು. ತಲೆಯ ಹಿಂಭಾಗ ನೆಲಕ್ಕೆ ಬಡಿದರೆ ಅದು ಪ್ರಾಣದ ವಿಷಯ. ಜೂಡೋದ ಓಸೋಟೋ ಗಾರಿ ಅನ್ನುವ, ಕಾಲಿಗೆ ಕಾಲು ಹಾಕಿ ಕೆಡವುವ ಪಟ್ಟಿನಲ್ಲಿ ಎದುರಾಳಿ ಬೆನ್ನು ಕೆಳಗಾಗಿ ಬೀಳುವುದರಿಂದ ಅದನ್ನು ಹೊಸಬರ ಮೇಲೆ ಹಾಕುವಾಗ ಜಾಸ್ತಿ ಹುಷಾರಾಗಿರಬೇಕು. ನಾನು ಮಕ್ಕಳಿಗೆ ಕರ್ಚೀಫ್ ಮಡಚಿ ಗಲ್ಲದ ಕೆಳಗೆ ಒತ್ತಿ ಹಿಡಿದುಕೊಳ್ಳೋಕೆ ಹೇಳುತ್ತೇನೆ. ಮೊದಲು ಕೂತಲ್ಲಿಂದ ಹಿಂದಕ್ಕೆ ಬೀಳಬೇಕು, ಆಮೇಲೆ ಕುಕ್ಕರಗಾಲಲ್ಲಿ, ಕೊನೆಗೆ ನಿಂತು. ಕರ್ಚೀಫ್ ಜಾರಿತು ಅಂದರೆ ಗಲ್ಲ ಎದ್ದಿತು ಅಂತ ಅರ್ಥ, ಆ ಮಗು ಮತ್ತೆ ಕೂತಲ್ಲಿಂದಲೇ ಶುರು ಮಾಡಬೇಕು. ಎಷ್ಟೇ ಗೋಗರೆದರೂ ಇದರಲ್ಲಿ ರಿಯಾಯಿತಿ ಕೊಡಬಾರದು.

ಪ್ರಥಮ ಚಿಕಿತ್ಸೆಯ ತರಬೇತಿ ಕಡ್ಡಾಯ ಅಂದುಕೊಳ್ಳಿ. ಹೃದಯ ನಿಂತವರಿಗೆ ಮಾಡುವ ಸಿಪಿಆರ್‌ನಲ್ಲಿ ನಿಮಿಷಕ್ಕೆ 100ರಿಂದ 120 ಸಲ ಎದೆ ಒತ್ತಬೇಕು ಅಂತ ಓದಿ ತಿಳಿದರೆ ಸಾಲದು, ಬೊಂಬೆಯ ಮೇಲೆ ಕೈಯಾರೆ ಒತ್ತಿ ನೋಡಿರಬೇಕು. ತಲೆಗೆ ಪೆಟ್ಟು ಬಿದ್ದು ಯಾರಾದರೂ ಮಂಕಾದರೆ, ತಲೆ ಸುತ್ತುತ್ತದೆ ಅಂದರೆ, ಅವತ್ತಿಗೆ ಅವರ ಅಭ್ಯಾಸ ಮುಗಿಯಿತು. 'ನಾನು ಆರಾಮಾಗಿದ್ದೀನಿ ಸರ್' ಅಂದರೂ ಅಷ್ಟೇ. ಡಾಕ್ಟರ್ ನೋಡಿ ಹೇಳುವ ತನಕ ಸ್ಪಾರಿಂಗ್, ಅಂದರೆ ಜೋಡಿಯಾಗಿ ಹೊಡೆದಾಟದ ಅಭ್ಯಾಸ, ಇಲ್ಲ. ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬೇಡಿ. ಭಂಗಿ ತಿದ್ದಲು ಮುಟ್ಟುವ ಮೊದಲು ಕೇಳಿ. ತಂದೆ ತಾಯಿ ಯಾವಾಗ ಬಂದರೂ ಕೂತು ನೋಡುವ ಹಾಗಿರಲಿ. ವಿಮೆ, ಒಪ್ಪಿಗೆ ಪತ್ರ, ನಿಮ್ಮ ಶೈಲಿಯ ಸಂಸ್ಥೆಯ ಅನುಮತಿ ಇವನ್ನೆಲ್ಲ ನಿಮ್ಮ ಗುರುಗಳೇ ಹೇಳಿಕೊಡುತ್ತಾರೆ.

ಹಾಗಾಗಿ ಅವರ ಹತ್ತಿರವೇ ಹೋಗಿ. ಬಿಳಿ ಬೆಲ್ಟ್‌ನವರ ಸಾಲಿಗೆ ನನ್ನನ್ನು ಸಹಾಯಕ್ಕೆ ಹಾಕಿ ಅಂತ ಕೇಳಿ. ಎರಡು ವರ್ಷವಾದರೂ ಹಾಗೆ ನಿಲ್ಲಿ. ಸಾಲಿನ ಕೊನೆಯಲ್ಲಿರುವ, ಯಾವುದೂ ಬೇಗ ಹತ್ತದ ಮಗುವಿಗೆ ಏಟು ತಡೆಯುವ ಒಂದು ಬ್ಲಾಕ್ ಸರಿಯಾಗಿ ಬರುವ ಹಾಗೆ ಮಾಡಿದ ದಿನ ನಿಮಗಾಗುವ ಖುಷಿ ಇದೆಯಲ್ಲ, ಅದು ನನಗೆ ನನ್ನ ಬೆಲ್ಟ್ ಬಂದ ದಿನವೂ ಆಗಿರಲಿಲ್ಲ.

ಇಷ್ಟು ಹೇಳಿದ ಮೇಲೆ, ನೀವು ಕೇಳದಿದ್ದರೂ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಶಿಷ್ಯರು ನಿಮ್ಮನ್ನು ಏನಂತ ಕರೆಯಬೇಕು? 'ಸೆನ್ಸೇ' ಅನ್ನುವ ಪದದ ಅಕ್ಷರಗಳನ್ನು ಬಿಡಿಸಿದರೆ 'ಮೊದಲು ಹುಟ್ಟಿದವರು' ಅಂತ ಆಗುತ್ತದೆ, ದಾರಿಯಲ್ಲಿ ನಮಗಿಂತ ಮುಂದಿರುವವರು ಅನ್ನುವ ಗೌರವ. ಜಪಾನಿನಲ್ಲಿ ಶಾಲೆಯ ಮೇಷ್ಟ್ರನ್ನೂ ಡಾಕ್ಟರನ್ನೂ ಹಾಗೇ ಕರೆಯುತ್ತಾರೆ. ಆದರೆ ಯಾರೂ ತಮ್ಮ ಪರಿಚಯ ಹೇಳಿಕೊಳ್ಳುವಾಗ ತಮ್ಮ ಹೆಸರಿಗೆ ಅದನ್ನು ಸೇರಿಸಿಕೊಳ್ಳುವುದಿಲ್ಲ. ಅದು ಬೇರೆಯವರು ಕೊಡಬೇಕಾದ ಮರ್ಯಾದೆ. ಮುಂದೆ ನಿಮ್ಮ ಕ್ಲಾಸಿನ ಬೋರ್ಡ್ ಬರೆಸುವಾಗ ನಿಮ್ಮ ಹೆಸರು, ಶೈಲಿ, ಎಷ್ಟನೇ ದಾನ್, ಯಾರ ಬಳಿ ಕಲಿತಿರಿ, ಇಷ್ಟು ಬರೆಸಿ. ಗುರುಗಳ ಹೆಸರು ನಿಮ್ಮ ಹೆಸರಿನಷ್ಟೇ ದೊಡ್ಡದಾಗಿರಲಿ.