ಕಡ್ಲೆಕಾಯಿ ಸಿಪ್ಪೆ ಮತ್ತು ನಮ್ಮ ಬೋರ್ ನೀರು

ಮಡಕಶಿರ, ರಾಯದುರ್ಗ ಕಡೆ ಬೋರ್ ನೀರಲ್ಲಿ ಬಟ್ಟೆ ಒಗೆಯೋರಿಗೆ ಇದು ಹೊಸದಲ್ಲ, ಸೋಪು ಎಷ್ಟು ಉಜ್ಜಿದ್ರೂ ನೊರೆ ಬರಲ್ಲ, ಬಕೆಟ್ ಅಂಚಿಗೆ ಜಿಡ್ಡು ಕೂರುತ್ತೆ, ಹೀಟರ್ ಕಾಯಿಲ್ ಮೇಲೆ ಬಿಳೀ ಪದರ ಗಟ್ಟಿಯಾಗಿ ಕಟ್ಕೊಳ್ಳುತ್ತೆ. ನೀರಲ್ಲಿ ಕರಗಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಇದಕ್ಕೆ ಕಾರಣ, ಇದನ್ನೇ ನೀರಿನ ಗಡಸುತನ ಅಂತಾರೆ. ಕುಡಿಯೋ ನೀರಿನ ಭಾರತೀಯ ಮಾನದಂಡದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರ್ಬೇಕು, ಬೇರೆ ನೀರೇ ಸಿಗದಿದ್ರೆ 600ರ ತನಕ ನಡೆಯುತ್ತೆ.

ಇನ್ನು ನಮ್ಮ ಕಡ್ಲೆಕಾಯಿ ಮಿಲ್‌ಗಳ ಸಿಪ್ಪೆ, ಅದು ಬಹಳಷ್ಟು ಒಲೆಗೋ ಬಾಯ್ಲರಿಗೋ ಹೋಗುತ್ತೆ. ಆದ್ರೆ ಆ ಸಿಪ್ಪೆಯ ನಾರಲ್ಲಿ ಕಾರ್ಬಾಕ್ಸಿಲ್ ಅನ್ನೋ ರಾಸಾಯನಿಕ ಗುಂಪುಗಳಿವೆ, ಅವಕ್ಕೆ ನೀರಲ್ಲಿ ನೆಗೆಟಿವ್ ಚಾರ್ಜ್ ಬರುತ್ತೆ. ಪುಡಿ ಮಾಡಿ, ಚೆನ್ನಾಗಿ ತೊಳೆದು, ಮೊದಲು ಸೋಡಿಯಂ ಹಿಡಿಸಿಟ್ರೆ ಗಡಸು ನೀರು ಅದರ ಮೂಲಕ ಹರಿಯುವಾಗ ಎರಡು ಪಾಸಿಟಿವ್ ಚಾರ್ಜಿನ ಕ್ಯಾಲ್ಸಿಯಂ ಅಲ್ಲೇ ಅಂಟ್ಕೊಳ್ಳುತ್ತೆ, ಅದರ ಜಾಗದಲ್ಲಿದ್ದ ಸೋಡಿಯಂ ನೀರಿಗೆ ಬರುತ್ತೆ. ಅಂಗಡೀಲಿ ಸಿಗೋ ಸಾಫ್ಟನರ್ (ನೀರಿನ ಗಡಸು ತೆಗೆಯೋ ಯಂತ್ರ) ಒಳಗಿನ ರೆಸಿನ್ ಅನ್ನೋ ಸಣ್ಣ ಪ್ಲಾಸ್ಟಿಕ್ ಮಣಿಗಳು ಮಾಡೋದೂ ಇದೇ ಕೆಲಸ. ಪುಡಿಯಲ್ಲಿ ಕ್ಯಾಲ್ಸಿಯಂ ತುಂಬಿಹೋದ್ಮೇಲೆ ದಟ್ಟ ಉಪ್ಪುನೀರು ಹಾಯಿಸಿದ್ರೆ ಮತ್ತೆ ಕೆಲಸಕ್ಕೆ ಬರುತ್ತೆ.

ಹಸೀ ಸಿಪ್ಪೆಗೆ ಆ ಶಕ್ತಿ ಕಮ್ಮಿ. ಅದಕ್ಕೇ ಲ್ಯಾಬುಗಳಲ್ಲಿ ಪುಡೀನ ಸಿಟ್ರಿಕ್ ಆಸಿಡ್‌ನಲ್ಲಿ ನೆನೆಸಿ, ಒಣಗಿಸಿ, ಸುಮಾರು 120 ಡಿಗ್ರಿಯಲ್ಲಿ ಕಾಯಿಸ್ತಾರೆ, ಆಗ ಆಸಿಡ್ ಸಿಪ್ಪೆಯ ನಾರಿನ ಸೆಲ್ಯುಲೋಸಿಗೆ ಹೆಣ್ಕೊಂಡು ಕಾರ್ಬಾಕ್ಸಿಲ್ ಗುಂಪುಗಳು ಜಾಸ್ತಿಯಾಗ್ತವೆ. ಅಂಥ ಪುಡಿ ಗ್ರಾಮಿಗೆ 50 ಮಿಲಿಗ್ರಾಂ ಗಡಸು ಹಿಡಿಯುತ್ತೆ ಅಂತ ಇಟ್ಕೊಳ್ಳಿ, 20 ಲೀಟರ್ ಬಕೆಟ್ ನೀರನ್ನ 600ರಿಂದ 200ಕ್ಕೆ ಇಳಿಸೋಕೆ ತೆಗೀಬೇಕಾದ್ದು 8 ಗ್ರಾಂ, ಅಂದ್ರೆ ಪುಡಿ 160 ಗ್ರಾಂ ಬೇಕು. ನನಗೆ ಇದು ಕೈಗೆಟುಕದ ಲೆಕ್ಕ ಅನ್ಸಲ್ಲ, ಸಿಪ್ಪೆ ನಮ್ಮಲ್ಲಿ ಅಷ್ಟಿದೆ.

ಸುಟ್ಟು ಇದ್ದಿಲು ಮಾಡಿದ್ರೆ ಇನ್ನೂ ಒಳ್ಳೇದು ಅಂತ ಕೆಲವರು ಹೇಳ್ತಾರೆ, ಅದು ಬಣ್ಣ, ವಾಸನೆಗೆ ಸರಿ, ಆದ್ರೆ ಹೆಚ್ಚು ಬೆಂಕಿಗೆ ಆ ಕಾರ್ಬಾಕ್ಸಿಲ್‌ಗಳೇ ಹೋಗ್ಬಿಡ್ತವೆ. ಪೂರ್ತಿ ಸುಟ್ಟ ಬೂದಿ ಮಾತ್ರ ಬೇರೆ ದಾರಿ ಹಿಡಿಯುತ್ತೆ, ಅದರೊಳಗಿನ ಪೊಟ್ಯಾಸಿಯಂ ಕಾರ್ಬೋನೇಟ್ ಕ್ಯಾಲ್ಸಿಯಂ ಜೊತೆ ಸೇರಿ ಅದನ್ನ ಸುಣ್ಣದಕಲ್ಲಿನ ಪುಡಿಯಾಗಿ ತಳಕ್ಕೆ ಇಳಿಸುತ್ತೆ, ವಾಷಿಂಗ್ ಸೋಡಾ ಮಾಡೋ ಹಾಗೇ. ಬೂದಿ ತಿಳಿನೀರಲ್ಲಿ ಬಟ್ಟೆ ಒಗೀತಿದ್ದ ಹಿರಿಯರ ಕೆಲಸದ ಹಿಂದೆ ಈ ರಸಾಯನಶಾಸ್ತ್ರವೂ ಇತ್ತು.

ಸಿಪ್ಪೆಯಿಂದ ಕಂದು ಬಣ್ಣ ನೀರಿಗೆ ಬಿಡುತ್ತೆ, ಸೋಡಿಯಂ ಏರುತ್ತೆ, ಹಾಗಾಗಿ ಇದನ್ನ ಒಗೆಯೋಕೆ, ತೊಳೆಯೋಕೆ ಅಂತಲೇ ಇಟ್ಕೋಬೇಕು. ಪುಡಿ ತೊಳೆದ ಉಪ್ಪುನೀರನ್ನ ಗಿಡಕ್ಕೆ ಹಾಕ್ಬೇಡಿ, ಮಣ್ಣು ಕೆಡುತ್ತೆ. ಇನ್ನೊಂದು, ಅನಂತಪುರದ ಕಡೆ ನೆಲದ ನೀರಲ್ಲಿ ಫ್ಲೋರೈಡ್ ಕಾಟ ಇದೆಯಲ್ಲ, ಅದು ನೆಗೆಟಿವ್ ಚಾರ್ಜಿನದು, ಈ ಪುಡಿ ಅದನ್ನ ಹಿಡಿಯಲ್ಲ. ಸೋಪು ನೊರೆ ಬಂತು ಅಂತ ಅದೇ ನೀರನ್ನ ಮಕ್ಕಳಿಗೆ ಕುಡಿಯೋಕೆ ಕೊಡ್ಬೇಡಿ, ಫ್ಲೋರೈಡ್ ಟೆಸ್ಟ್ ಬೇರೆನೇ ಮಾಡಿಸ್ಬೇಕು.